ಗಂಜಿ ಡಬ್ಬಿಯಲ್ಲಿ ಸುವಾರ್ತೆ ಪತ್ರ ಇಡುವುದಿಲ್ಲ

ಐದು ಜನಕ್ಕೆ ಗಂಜಿ ಅಂದರೆ ಕಾಲು ಕೆಜಿ ಕುಚ್ಚಲಕ್ಕಿ, ಎರಡೂವರೆ ಲೀಟರ್ ನೀರು. ಅಕ್ಕಿ ಹಿಂದಿನ ರಾತ್ರಿಯೇ ನೆನೆಯಬೇಕು, ಇಲ್ಲದಿದ್ದರೆ ಕುಕ್ಕರಿನಲ್ಲೂ ಬೇಯಲು ತುಂಬಾ ಹೊತ್ತು ಹಿಡಿಯುತ್ತದೆ. ಉಪ್ಪು ಹಾಕುವುದಿಲ್ಲ. ಬಿಪಿ ಇರುವವರಿಗೆ ಬೇಡವಾಗಬಹುದು, ಹಾಗಾಗಿ ಉಪ್ಪು, ಉಪ್ಪಿನಕಾಯಿ ಬೇರೆ ಪೊಟ್ಟಣದಲ್ಲಿ. ಮನೆಯಿಂದ ಹೊರಟು ವಾರ್ಡು ಮುಟ್ಟುವಷ್ಟರಲ್ಲಿ ಗಂಜಿ ಮುದ್ದೆಯಾಗಿರುತ್ತದೆ. ಅದನ್ನು ಸಡಿಲ ಮಾಡಲು ಫ್ಲಾಸ್ಕಿನಲ್ಲಿ ಒಂದು ಲೀಟರ್ ಬಿಸಿನೀರು ಜೊತೆಗಿರಬೇಕು. ಹೊಸನಗರ, ತೀರ್ಥಹಳ್ಳಿ, ಸಾಗರದ ಕಡೆಯಿಂದ ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ರೋಗಿಯನ್ನು ಕರೆತಂದವರಿಗೇ ಈ ಗಂಜಿ ಹೆಚ್ಚಾಗಿ ಬೇಕಾಗುವುದು. ರೋಗಿಯನ್ನು ಎಲ್ಲರೂ ವಿಚಾರಿಸುತ್ತಾರೆ. ಮೂರು ರಾತ್ರಿ ಮಂಚದ ಪಕ್ಕ ಕೂತವರು ಊಟ ಮಾಡಿದರೋ ಇಲ್ಲವೋ ಎಂದು ಕೇಳುವವರು ಕಡಿಮೆ.

ನಮ್ಮ ಕ್ರೈಸ್ತ ಸಭೆಯವರು ವರ್ಷಗಳಿಂದ ಪಾಲಿಸುತ್ತಿರುವ ನಿಯಮ ಒಂದೇ. ಈ ಡಬ್ಬಿಯ ಜೊತೆ ಸುವಾರ್ತೆ ಪತ್ರ, ಅಂದರೆ ಯೇಸುವಿನ ಸಂದೇಶ ಅಚ್ಚು ಮಾಡಿದ ಕಾಗದ, ಹೋಗುವುದಿಲ್ಲ, ಕೊಡುವ ಅಕ್ಕಿ ಚೀಲದೊಳಗೂ ಇಡುವುದಿಲ್ಲ. ಹಸಿದವರ ಕೈಗೆ ಅನ್ನ ಕೊಟ್ಟು ಅದೇ ಉಸಿರಿನಲ್ಲಿ ಯೇಸುವಿನ ಮಾತು ತೆಗೆದರೆ ಅವರು ಬೇಡ ಎನ್ನಲಾರರು. ಬೇಡ ಎನ್ನಲು ಆಗದವರು ಹೇಳಿದ ‘ಹೂಂ’ ನಂಬಿಕೆಯಾಗುವುದಿಲ್ಲ. ಕರ್ನಾಟಕದಲ್ಲಿ 2022ರಲ್ಲಿ ಬಂದ ಮತಾಂತರದ ಕಾಯ್ದೆ ಆಮಿಷವನ್ನು ಅಪರಾಧ ಎನ್ನುತ್ತದೆ, ಅದು ಎಲ್ಲರಿಗೂ ಗೊತ್ತಿರಬೇಕು. ಆದರೆ ನಮ್ಮ ನಿಯಮ ಹುಟ್ಟಿದ್ದು ಕಾಯ್ದೆಯಿಂದಲ್ಲ, ಬೈಬಲಿನ ಲೂಕನ ಸುವಾರ್ತೆಯ 17ನೇ ಅಧ್ಯಾಯದಿಂದ. ಹತ್ತು ಕುಷ್ಠರೋಗಿಗಳು ಗುಣವಾದರು, ತಿರುಗಿ ಬಂದವನು ಒಬ್ಬ. ಬಾರದ ಒಂಬತ್ತು ಜನರ ಆರೋಗ್ಯವನ್ನು ಯೇಸು ವಾಪಸ್ ಕಿತ್ತುಕೊಳ್ಳಲಿಲ್ಲ. ನಮ್ಮ ಗಂಜಿಯೂ ಹಾಗೇ ಇರಬೇಕು. ಫೋಟೋ ತೆಗೆಯುವುದಿಲ್ಲ. ಕಾಣಿಕೆ ಹಣ ಎಣಿಸುವಾಗ ಇಬ್ಬರು ಇರುತ್ತಾರೆ, ತಿಂಗಳಿಗೊಮ್ಮೆ ಲೆಕ್ಕವನ್ನು ಸಭೆಯ ಮುಂದೆ ಗಟ್ಟಿಯಾಗಿ ಓದುತ್ತೇವೆ.

ವಾರ್ಡಿಗೆ ಹೋಗುವುದು ಇಬ್ಬರೇ, ಹೆಂಗಸರ ವಾರ್ಡಿಗಾದರೆ ಹೆಂಗಸರೇ. ಕೈ ತೊಳೆದುಕೊಂಡು, ನರ್ಸಮ್ಮನನ್ನು ಕೇಳಿ ಒಳಗೆ ಹೋಗಿ ಹದಿನೈದು ನಿಮಿಷದಲ್ಲಿ ಎದ್ದುಬಿಡಬೇಕು. ಎಳನೀರು, ಬಾಳೆಹಣ್ಣು ಕೇಳದೆ ಒಯ್ಯಬಾರದು. ಎರಡರಲ್ಲೂ ಪೊಟ್ಯಾಸಿಯಂ ಹೆಚ್ಚು, ಕಿಡ್ನಿ ತೊಂದರೆ ಇರುವವರಿಗೆ ಅಪಾಯ. “ನಿಮಗೋಸ್ಕರ ಪ್ರಾರ್ಥನೆ ಮಾಡಬಹುದಾ?” ಎಂದು ಒಮ್ಮೆ ಕೇಳುತ್ತೇವೆ. ಸುಮ್ಮನಿದ್ದರೆ ಬೇಡ ಅಂತಲೇ ಅರ್ಥ. ಒಪ್ಪಿದರೆ ಅರ್ಧ ನಿಮಿಷ, ಪಕ್ಕದ ಮಂಚಕ್ಕೆ ಕೇಳಿಸದಷ್ಟು ಮೆಲ್ಲಗೆ. ಗುಣವಾಗೇ ಆಗುತ್ತದೆ ಎಂದು ಮಾತು ಕೊಡುವುದಿಲ್ಲ, ಮಾತ್ರೆ ಬಿಡಿ ಎಂದಂತೂ ಯಾವತ್ತೂ ಹೇಳಬಾರದು. ಕ್ಷಯದ ಮಾತ್ರೆಯನ್ನು ನಡುವೆ ಬಿಟ್ಟರೆ ರೋಗಾಣು ಔಷಧಿಗೇ ಬಗ್ಗದಂತಾಗುತ್ತದೆ. ಪ್ರಾರ್ಥನೆಯ ಹೆಸರಿನಲ್ಲಿ ಹೀಗಾದರೆ ಅದು ದೇವರ ಹೆಸರಿಗೇ ಕಳಂಕ.

ಮಳೆಗಾಲದಲ್ಲಿ ಮಂಚದ ಮೇಲಿರುವ ತೋಟದವರ ಚಿಂತೆ ಕಾಯಿಲೆಗಿಂತ ಅಡಿಕೆಯ ಕೊಳೆರೋಗದ್ದೇ ಜಾಸ್ತಿ. ಅಡಿಕೆಗೆ ಮೊದಲ ಸಲ ಬೋರ್ಡೋ, ಅಂದರೆ ಮೈಲುತುತ್ತ ಸುಣ್ಣದ ದ್ರಾವಣ, ಹೊಡೆಯುವುದು ಮಳೆ ಹಿಡಿಯುವ ಹೊತ್ತಿಗೆ, ಎರಡನೆಯದು 40-45 ದಿನ ಬಿಟ್ಟು. ಆ ಎರಡನೆಯದು ತಪ್ಪಿದರೆ ವರ್ಷದ ಫಸಲು ಮರದ ಬುಡದಲ್ಲಿ ಉದುರಿ ಬಿದ್ದಿರುತ್ತದೆ. ಅಂಥ ಮನೆಗೆ ನಮ್ಮವರು ಹೋಗಿ ನಿಲ್ಲುತ್ತಾರೆ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ಒಟ್ಟು ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಹುಯ್ಯುತ್ತಾ ಕಲಕಬೇಕು, ಉಲ್ಟಾ ಮಾಡಬಾರದು. ಆಮೇಲೆ ಹೊಳೆಯುವ ಚಾಕು ಅದ್ದಿ ನೋಡಬೇಕು. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡರ ಕೂಲಿಯನ್ನು ಮನೆಯವರೇ ಕೊಡುತ್ತೇವೆ ಎಂದರೆ ಕೊಡಲು ಬಿಡುತ್ತೇವೆ. ಅವರ ಮರ್ಯಾದೆ ಉಳಿಸುವುದೂ ಪ್ರೀತಿಯೇ. ನೆರೆಯವನು ಯಾರು ಎಂಬ ಪ್ರಶ್ನೆಗೆ ಯೇಸು ಕೊಟ್ಟ ಉತ್ತರದಲ್ಲಿ ಸಮಾರ್ಯ ಸೀಮೆಯ ಒಬ್ಬ ದಾರಿಹೋಕ, ದಾರಿಯಲ್ಲಿ ಬಿದ್ದಿದ್ದವನ ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿದ, ಗಾಯಾಳುವನ್ನು ತನ್ನ ಪಶುವಿನ ಮೇಲೆ ಕೂರಿಸಿದ, ಛತ್ರದವನಿಗೆ ಎರಡು ನಾಣ್ಯ ಕೊಟ್ಟ. ಉಪದೇಶ ಮಾಡಿದ ಅಂತ ಅಲ್ಲೆಲ್ಲೂ ಬರೆದಿಲ್ಲ.

ನಂಬಿಕೆ ಗಳಿಸಲು ಮೂರು ತಿಂಗಳು ಬೇಕಾದರೆ ಕಳೆಯಲು ಒಂದು ವಾಟ್ಸಾಪ್ ಸಂದೇಶ ಸಾಕು. ಗಂಡನ ಕುಡಿತ, ಮಗಳ ಮದುವೆ ಮುರಿದದ್ದು, ಸಾಲ, ಇವೆಲ್ಲ ‘ಪ್ರಾರ್ಥನಾ ವಿಷಯ’ ಎಂಬ ಹೆಸರಿನಲ್ಲಿ ಊರು ಸುತ್ತುವುದನ್ನು ಎಷ್ಟೋ ಕಡೆ ನೋಡುತ್ತೇವೆ. ನಮ್ಮ ಪುಸ್ತಕದಲ್ಲಿ ಹೆಸರಿನ ಮೊದಲಕ್ಷರ, ತಾರೀಕು ಮಾತ್ರ. ಗ್ರೂಪಿಗೆ ಏನೂ ಹಾಕುವುದಿಲ್ಲ. ಗುರುವಾರ ಬರುತ್ತೇವೆ ಎಂದರೆ ಗುರುವಾರ ಹೋಗಲೇಬೇಕು. ರಸ್ತೆ ಮೇಲೆ ಮರ ಬಿದ್ದಿದ್ದರೆ ಫೋನಾದರೂ ಮಾಡಬೇಕು.

ಹೀಗೆ ಓಡಾಡುವಾಗ ಯಾರಾದರೂ “ನೀವು ಯಾಕೆ ಇದೆಲ್ಲ ಮಾಡ್ತೀರಿ?” ಎಂದು ಕೇಳುತ್ತಾರೆ. ಉತ್ತರ ಬಾಯಲ್ಲಿ ಸಿದ್ಧವಿರಬೇಕು, ಅದೂ ಸೌಮ್ಯವಾಗಿ ಬರಬೇಕು ಎನ್ನುತ್ತಾನೆ ಯೇಸುವಿನ ಶಿಷ್ಯ ಪೇತ್ರ. ಎರಡು ಮೂರು ವಾಕ್ಯ ಸಾಕು: ದೇವರು ನಮ್ಮನ್ನು ಮೊದಲು ಪ್ರೀತಿಸಿದ, ಯೇಸು ನಮಗಾಗಿ ಸತ್ತು ಎದ್ದ, ಆ ಋಣದಲ್ಲಿ ಬದುಕುತ್ತಿದ್ದೇವೆ. ಅವರ ಮನೆದೇವರು, ಚೌಡಿ, ಭೂತದ ಬಗ್ಗೆ ಒಂದು ಕೆಟ್ಟ ಮಾತೂ ಬೇಡ. ‘ಪಾಪಿ’ ಎಂಬ ಪದದಿಂದಲೂ ಶುರು ಮಾಡಬೇಡಿ. ನಮ್ಮ ಕನ್ನಡದಲ್ಲಿ ಅದು ಬೈಗುಳ, ‘ಪಾಪ’ ಎಂದರೆ ಅಯ್ಯೋ ಎನ್ನುವ ಕನಿಕರ. ಸತ್ಯವೇದ, ಅಂದರೆ ಬೈಬಲ್, ಆ ಪದಕ್ಕೆ ಕೊಡುವ ಅರ್ಥ ಮುಟ್ಟಿಸಲು ಲೂಕನ 15ನೇ ಅಧ್ಯಾಯದ ಕಳೆದುಹೋದ ಕುರಿಯೇ ಸರಿ. ಕತ್ತಲಾದರೂ ಕೊಟ್ಟಿಗೆಗೆ ಬಾರದ ದನವನ್ನು ಬ್ಯಾಟರಿ ಹಿಡಿದು ಗುಡ್ಡದಲ್ಲಿ ಹುಡುಕಿದವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೂ ತಿಳಿಯಬೇಕು ಎಂದವರ ಜೊತೆ ಮಾರ್ಕನ ಸುವಾರ್ತೆ ಓದುತ್ತೇವೆ. ಹದಿನಾರು ಅಧ್ಯಾಯ, ಹದಿನಾರು ವಾರ, ಸಲಕ್ಕೆ ಮುಕ್ಕಾಲು ಗಂಟೆ. ಇಲ್ಲಿ ಏನಾಯಿತು, ಯೇಸು ಎಂಥವನು ಅಂತ ಕಂಡಿತು, ಈ ವಾರ ನಾನು ಏನು ಮಾಡಲಿ ಎಂದು ಮೂರೇ ಪ್ರಶ್ನೆ. ಹಳೆಯ ಅನುವಾದದ ಉದ್ದ ವಾಕ್ಯದಲ್ಲಿ ಹೊಸಬರು ಎಡವುತ್ತಾರೆ, ನಾಲ್ಕು ವಚನಕ್ಕೊಮ್ಮೆ ನಿಲ್ಲಿಸಿ ಆಡುಮಾತಿನಲ್ಲಿ ಹೇಳಿಸಿ. ಕಥೋಲಿಕರಿದ್ದರೆ ಅವರು ಸುವಾರ್ತೆಯನ್ನು ಶುಭಸಂದೇಶ ಎನ್ನುತ್ತಾರೆ, ತಿದ್ದುವ ಅಗತ್ಯವಿಲ್ಲ. ಎರಡನೇ ಅಧ್ಯಾಯದಲ್ಲಿ ಪಾರ್ಶ್ವವಾಯು ರೋಗಿಯನ್ನು ನಾಲ್ವರು ಚಾವಣಿ ತೆಗೆದು ಇಳಿಸುತ್ತಾರೆ. ಅದೇ ಘಟನೆ ಲೂಕನಲ್ಲಿ ಬರುವಾಗ ಹೆಂಚಿನ ಮಾತಿದೆ. ಆಗ ಎಲ್ಲರೂ ಒಮ್ಮೆ ತಲೆಯೆತ್ತಿ ತಮ್ಮ ಮಾಡಿನ ಹೆಂಚನ್ನು ನೋಡುತ್ತಾರೆ. ಆ ಮಂಗಳೂರು ಹೆಂಚನ್ನು 1865ರಲ್ಲಿ ಜೆಪ್ಪುವಿನಲ್ಲಿ ಮಾಡಲು ಶುರುಮಾಡಿದ್ದೂ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರೇ.

ಅಡಿಕೆ ಸುಲಿಯುವ ಕಾಲದಲ್ಲಿ ಸಂಜೆ ಓದು ಇಟ್ಟುಕೊಂಡರೆ ಯಾರೂ ಬರುವುದಿಲ್ಲ. ಆಗ ನಾವೇ ಅವರ ಅಂಗಳಕ್ಕೆ ಹೋಗಿ ಮೆಟ್ಟುಗತ್ತಿಯ ಮುಂದೆ ಕೂರುತ್ತೇವೆ, ಸುಲಿಯಲು ಬಾರದವರು ಓದುತ್ತಾರೆ. ನಾಲ್ಕೈದು ವಾರಕ್ಕೆ ಕೆಲವರು ಬಿಟ್ಟುಬಿಡುತ್ತಾರೆ. ಯಾಕೆ ಎಂದು ಕೇಳುವುದಿಲ್ಲ. ಮುಂದಿನ ಜೂನಿನಲ್ಲಿ ಅವರ ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದಿದ್ದರೆ ಡ್ರಮ್ಮು, ಮೈಲುತುತ್ತ ತೆಗೆದುಕೊಂಡು ಅದೇ ಇಬ್ಬರು ಹೋಗುತ್ತಾರೆ.