ಟೆಸ್ಟೋಸ್ಟಿರಾನ್ ಟೆಸ್ಟ್: ಸೂಜಿಗೆ ಕೈ ಚಾಚುವ ಮುನ್ನ

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಸುಸಲಾ, ಮಿರ್ಚಿ ತಿಂದು, ಸಕ್ಕರೆ ಜಾಸ್ತಿ ಹಾಕಿಸಿಕೊಂಡು ಚಹಾ ಕುಡಿದು, ಹನ್ನೆರಡರ ಬಿಸಿಲಿಗೆ ಲ್ಯಾಬಿನ ಮೆಟ್ಟಿಲು ಹತ್ತುವವರೇ ಹೆಚ್ಚು. ಗಂಡಸರ ಮುಖ್ಯ ಲೈಂಗಿಕ ಹಾರ್ಮೋನ್ ಆದ ಟೆಸ್ಟೋಸ್ಟಿರಾನ್ ಟೆಸ್ಟಿನ ಮಡಚಿದ ಚೀಟಿಯನ್ನು ಕೌಂಟರಿನ ಮೇಲೆ ಸರಿಸಿ, "ಇದೊಂದ್ ನೋಡ್ರಿ ಅಣ್ಣಾರೆ" ಎಂದು ದನಿ ತಗ್ಗಿಸುತ್ತಾರೆ. ಸಂಜೆ ರಿಪೋರ್ಟಿನಲ್ಲಿ ಅಂಕಿ ಕಡಿಮೆ ಬರುತ್ತದೆ, ಮರುದಿನವೇ ಇಂಜೆಕ್ಷನ್ ಮಾತು ಶುರು. ಲ್ಯಾಬಿನಲ್ಲಿ ರಕ್ತ ತೆಗೆಯುವ ನನಗೆ ಇದನ್ನು ನೋಡಿ ನೋಡಿ ಸಾಕಾಗಿದೆ.

ಹಂತ 1. ನಿಮಿರುವಿಕೆ ಕೈಕೊಡುತ್ತಿದ್ದರೆ ಮೊದಲು ಫಿಜಿಶಿಯನ್ ಅಥವಾ ಯೂರಾಲಜಿಸ್ಟ್ ಹತ್ತಿರ ಹೋಗಿ. ಬಸ್ ಸ್ಟ್ಯಾಂಡ್ ಗೋಡೆಯ 'ಗುಪ್ತರೋಗ' ಪೋಸ್ಟರಿನ ನಂಬರಿಗೆ ಫೋನ್ ಮಾಡಬೇಡಿ.

ಹಂತ 2. ರಕ್ತ ಕೊಡುವುದು. ಕೆಡುವುದು ಇಲ್ಲೇ. ಟೆಸ್ಟೋಸ್ಟಿರಾನ್ ದಿನವಿಡೀ ಒಂದೇ ಮಟ್ಟದಲ್ಲಿ ಇರುವುದಿಲ್ಲ. ಬೆಳಿಗ್ಗೆ ಏರಿರುತ್ತದೆ, ಮಧ್ಯಾಹ್ನಕ್ಕೆ ಇಳಿಯುತ್ತದೆ. ಹರೆಯದವರಲ್ಲಿ ಈ ಏರಿಳಿತ ಇನ್ನೂ ಜೋರು. ಆದ್ದರಿಂದ ಬೆಳಿಗ್ಗೆ 7ರಿಂದ 10ರೊಳಗೆ, ಖಾಲಿ ಹೊಟ್ಟೆಯಲ್ಲಿ ಬನ್ನಿ. ನೀರು ಕುಡಿಯಬಹುದು. ಚಹಾ ಬೇಡ, 'ಬರೀ ಅರ್ಧ ಕಪ್' ಕೂಡ ಬೇಡ: ಸಕ್ಕರೆ ಹೊಟ್ಟೆಗೆ ಹೋದ ಕೂಡಲೇ ಈ ಹಾರ್ಮೋನ್ ಕೆಲ ಗಂಟೆ ಕುಸಿಯುತ್ತದೆ. ಹಿಂದಿನ ರಾತ್ರಿ ಜಾತ್ರೆ, ಮದುವೆ, ಜಾಗರಣೆ ಅಂತ ನಿದ್ದೆಗೆಟ್ಟಿದ್ದರೆ ಅಂದು ಬರಲೇಬೇಡಿ. ಸೇಡಂ, ವಾಡಿ ಕಡೆಯ ಸಿಮೆಂಟ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮಾಡುವವರು ಗಡಿಯಾರ ನೋಡಬೇಡಿ; ನೀವು ಮಲಗಿ ಎದ್ದ ಎರಡು ಮೂರು ಗಂಟೆಯೊಳಗೆ ಕೊಡಿ, ಪಾಳಿಯ ವಿಷಯವನ್ನು ಚೀಟಿಯ ಮೇಲೆ ಬರೆಸಿ.

ಜ್ವರ, ಕೆಮ್ಮು, ಕೀವು ತುಂಬಿದ ಹಲ್ಲು ಇದ್ದರೂ ಕಾಯಿರಿ. ದೇಹ ಸೋಂಕಿನೊಡನೆ ಹೋರಾಡುವಾಗ ಮಿದುಳು ವೃಷಣಗಳಿಗೆ ಕಳಿಸುವ ಆಜ್ಞೆಯನ್ನೇ ಕಡಿಮೆ ಮಾಡುತ್ತದೆ, ಆಗ ಅಂಕಿ ಸುಳ್ಳುಸುಳ್ಳೇ ಇಳಿಯುತ್ತದೆ. ಪೂರ್ತಿ ಗುಣವಾಗಿ ಒಂದೆರಡು ವಾರ ಕಳೆಯಲಿ. ಇನ್ನೊಂದು ಮಾತು ಯಾರೂ ಹೇಳುವುದಿಲ್ಲ: ಕೂದಲು ಉದುರದಿರಲಿ ಎಂದು ಬಯೋಟಿನ್ ಗುಳಿಗೆ ನುಂಗುತ್ತಿದ್ದರೆ ಲ್ಯಾಬಿನವರಿಗೆ ತಿಳಿಸಿ. ಅದು ಹಲವು ಯಂತ್ರಗಳನ್ನು ಮೋಸಗೊಳಿಸಿ ಟೆಸ್ಟೋಸ್ಟಿರಾನನ್ನು ಹೆಚ್ಚು ತೋರಿಸಬಹುದು. ಎರಡು ಮೂರು ದಿನ ಮೊದಲೇ ನಿಲ್ಲಿಸುವುದು ಒಳ್ಳೆಯದು.

ಕಡಿಮೆ ಬಂದರೆ ಇನ್ನೊಂದು ಬೆಳಿಗ್ಗೆ ಮತ್ತೆ ಕೊಡಿ. ಒಂದೇ ರಿಪೋರ್ಟ್ ನಂಬಿ ಚಿಕಿತ್ಸೆ ಶುರು ಮಾಡುವವರ ಹತ್ತಿರ ನಾನಾದರೆ ಹೋಗುವುದಿಲ್ಲ. ಹಾಗೆಯೇ 'ಪುರುಷ ಶಕ್ತಿ ಪ್ಯಾಕೇಜ್' ಎಂದು ಮೂವತ್ತು ನಲವತ್ತು ಟೆಸ್ಟ್ ಮಾರುವವರಿಂದಲೂ ದೂರ ಇರಿ.

ಹಂತ 3. ಚೀಟಿಯಲ್ಲಿ ಇನ್ನೇನಿರಬೇಕು ಎಂದು ವೈದ್ಯರನ್ನು ಕೇಳಿ. ಎಲ್‌ಎಚ್ (ಮಿದುಳಿನ ಗ್ರಂಥಿ ವೃಷಣಕ್ಕೆ ಕಳಿಸುವ ಆಜ್ಞೆ), ಪ್ರೊಲ್ಯಾಕ್ಟಿನ್ (ಅದೇ ಗ್ರಂಥಿಯ ಇನ್ನೊಂದು ಹಾರ್ಮೋನ್), ಟಿಎಸ್‌ಎಚ್ (ಥೈರಾಯ್ಡ್ ಟೆಸ್ಟ್) ಇವು ಹಾರ್ಮೋನಿನ ತೊಂದರೆಯ ಮೂಲ ತೋರಿಸುತ್ತವೆ. ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆ), ಕೊಲೆಸ್ಟೆರಾಲ್, ಬಿಪಿ ಬಿಡಲೇಬೇಡಿ, ಏಕೆಂದರೆ ಅಸಲಿ ಕಳ್ಳ ಬಹಳ ಸಲ ರಕ್ತನಾಳದಲ್ಲಿರುತ್ತಾನೆ. ಸಕ್ಕರೆ ಕಾಯಿಲೆ, ಗುಟಕಾ, ಬೀಡಿ, ಹೊಟ್ಟೆಯ ಬೊಜ್ಜು ಇವೆಲ್ಲ ನಾಳದ ಒಳಪೊರೆಯಲ್ಲಿ ಸದ್ದಿಲ್ಲದ ಉರಿಯೂತ ಎಬ್ಬಿಸುತ್ತವೆ. ನಾಳವನ್ನು ಸಡಿಲಿಸುವ ನೈಟ್ರಿಕ್ ಆಕ್ಸೈಡ್ ಆಗ ಸಾಕಷ್ಟು ಹುಟ್ಟುವುದಿಲ್ಲ, ರಕ್ತ ನುಗ್ಗುವುದಿಲ್ಲ. ಶಿಶ್ನದ ಅಪಧಮನಿ 1ರಿಂದ 2 ಮಿ.ಮೀ., ಹೃದಯದ್ದು 3ರಿಂದ 4. ಕಿರಿದು ಮೊದಲು ತೊಂದರೆ ತೋರಿಸುತ್ತದೆ. ಹಾಗಾಗಿ ನಿಮಿರುವಿಕೆ ಕೈಕೊಟ್ಟ ಎರಡರಿಂದ ಐದು ವರ್ಷಕ್ಕೆ ಎದೆನೋವು ಬಂದವರುಂಟು. ಉರಿಯೂತ ಅಳೆಯಲು ಎಚ್‌ಎಸ್-ಸಿಆರ್‌ಪಿ ಎಂಬ ರಕ್ತಪರೀಕ್ಷೆ ಇದೆ: ಲೀಟರಿಗೆ 1 ಮಿ.ಗ್ರಾಂ.ಗಿಂತ ಕಡಿಮೆಯಿದ್ದರೆ ಹೃದಯದ ಅಪಾಯ ಕಡಿಮೆ, 3 ದಾಟಿದರೆ ಹೆಚ್ಚು. ನೆಗಡಿಯಾದರೂ ಇದು ಏರುತ್ತದೆ, ನೆನಪಿರಲಿ.

ಹಂತ 4. ರಿಪೋರ್ಟ್ ಓದುವುದು. ಡೆಸಿಲೀಟರಿಗೆ 300 ನ್ಯಾನೊಗ್ರಾಂಗಿಂತ ಕೆಳಗೆ, ಎರಡು ಸಲವೂ, ಜೊತೆಗೆ ಆಸೆ ಕುಗ್ಗುವಂಥ ಲಕ್ಷಣವೂ ಇದ್ದರೆ ಮಾತ್ರ ಕೊರತೆ ಎನ್ನುವುದು ವಾಡಿಕೆ. ಎಲ್‌ಎಚ್ ಏರಿದ್ದರೆ ದೋಷ ವೃಷಣದಲ್ಲಿ. ಏರದಿದ್ದರೆ ಮಿದುಳಿನ ಗ್ರಂಥಿ ಸುಮ್ಮನಿದೆ ಎಂದರ್ಥ. ಬೊಜ್ಜಿದ್ದವರಲ್ಲಿ ಹೀಗಾಗುವುದು ಸಾಮಾನ್ಯ. ಕೊಬ್ಬಿನಲ್ಲಿರುವ ಅರೊಮಟೇಸ್ ಕಿಣ್ವ ಟೆಸ್ಟೋಸ್ಟಿರಾನನ್ನು ಈಸ್ಟ್ರೊಜೆನ್ ಮಾಡುತ್ತದೆ, ಅದೇ ಕೊಬ್ಬು ಉರಿಯೂತದ ರಾಸಾಯನಿಕಗಳನ್ನೂ ಸುರಿಯುತ್ತದೆ. ಇಂಥವರಲ್ಲಿ ಒಟ್ಟು ಅಂಕಿ ಕಡಿಮೆ ಕಂಡು, ದೇಹಕ್ಕೆ ಸಿಗುವ ಫ್ರೀ ಟೆಸ್ಟೋಸ್ಟಿರಾನ್ ಸರಿಯಾಗಿಯೇ ಇರಬಹುದು. ಹಾಗಾಗಿ ರಕ್ತದಲ್ಲಿ ಟೆಸ್ಟೋಸ್ಟಿರಾನನ್ನು ಹಿಡಿದಿಡುವ ಪ್ರೋಟೀನ್ ಆದ ಎಸ್‌ಎಚ್‌ಬಿಜಿ ಕೂಡ ನೋಡಿಸಿ.

ಹಂತ 5. ಔಷಧಿ. ಬೊಜ್ಜಿದ್ದರೆ ತೂಕ ಇಳಿಸುವುದೇ ಮೊದಲ ಔಷಧಿ. ಮಕ್ಕಳು ಬೇಕೆನ್ನುವವರು ಟೆಸ್ಟೋಸ್ಟಿರಾನ್ ಇಂಜೆಕ್ಷನ್ ಹತ್ತಿರವೂ ಸುಳಿಯಬೇಡಿ, ಅದು ವೀರ್ಯಾಣು ಉತ್ಪಾದನೆಯನ್ನೇ ನಿಲ್ಲಿಸಬಲ್ಲದು. ರಸ್ತೆ ಬದಿ ಡೇರೆಯ 'ಶುದ್ಧ ಗಿಡಮೂಲಿಕೆ' ಪುಡಿ ಅರ್ಧ ಗಂಟೆಯಲ್ಲಿ ಕೆಲಸ ಮಾಡಿತೆಂದರೆ ಸಂಶಯಪಡಿ: ಇಂಥ ಪುಡಿಗಳಲ್ಲಿ ಸಿಲ್ಡೆನಾಫಿಲ್ (ವಯಾಗ್ರಾದಲ್ಲಿರುವ ಔಷಧಿ) ಬೆರೆಸಿದ್ದು ಎಷ್ಟೋ ಸಲ ಸಿಕ್ಕಿಬಿದ್ದಿದೆ. ಎದೆನೋವಿಗೆ ನಾಲಗೆ ಕೆಳಗೆ ಇಡುವ ಸಾರ್ಬಿಟ್ರೇಟ್ ಥರದ ಗುಳಿಗೆ ಜೊತೆ ಅದು ಸೇರಿದರೆ ಬಿಪಿ ಒಮ್ಮೆಲೇ ಕುಸಿದು ಜೀವಕ್ಕೇ ಸಂಚಕಾರ. ಸಂಕೋಚ ಬಿಟ್ಟು, ನುಂಗುತ್ತಿರುವ ಎಲ್ಲ ಗುಳಿಗೆ, ಪುಡಿಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರ ಮೇಜಿನ ಮೇಲೆ ಸುರಿಯಿರಿ.