ಹೆಸರು ಅವರ ಬಾಯಿಂದಲೇ ಬರಬೇಕು

ನಾನು ಹೆರಿಗೆ ವಾರ್ಡಿನ ಸ್ಟಾಫ್ ನರ್ಸ್. ಹಿಮೋಗ್ಲೋಬಿನ್ ಆರು, ಏಳಕ್ಕೆ ಇಳಿದಿದ್ದಾಗಲೇ ಹೆರಿಗೆಗೆ ಬರುವವರು ಇಲ್ಲಿ ಇರುತ್ತಾರೆ. ಹಾಗಾಗಿ ರಕ್ತ ಏರಿಸುವುದು ನಮಗೆ ಹೊಸದಲ್ಲ.

ಒಂದು ರಾತ್ರಿ ವಾರ್ಡಿನಲ್ಲಿ ಇಬ್ಬರು ಮಂಜುಳಾ ಇದ್ದರು. ಒಬ್ಬರಿಗೆ ರಕ್ತ ತುರ್ತಾಗಿ ಬೇಕಿತ್ತು. ನಾನು ಟೇಬಲ್ ಹತ್ತಿರವೇ ಟ್ಯೂಬಿಗೆ ಲೇಬಲ್ ಅಂಟಿಸಿಕೊಂಡು ಹೋದೆ. "ಮಂಜುಳಾ ಅಲ್ವಾ?" ಅಂದೆ. "ಹೂಂ" ಅಂದರು. ಗುಂಪು ನೋಡಲು ರಕ್ತ ತೆಗೆದು ಬ್ಲಡ್ ಬ್ಯಾಂಕಿಗೆ ಕಳಿಸಿದೆ.

ಸ್ವಲ್ಪ ಹೊತ್ತಿಗೆ ಬ್ಲಡ್ ಬ್ಯಾಂಕಿನಿಂದ ಫೋನ್. "ಸಿಸ್ಟರ್, ಫಾರಂನಲ್ಲಿ ಓ ಪಾಸಿಟಿವ್ ಅಂತ ಬರೆದಿದ್ದೀರಿ. ಟ್ಯೂಬ್ ಬಿ ಪಾಸಿಟಿವ್ ತೋರಿಸ್ತಿದೆ. ಇನ್ನೊಮ್ಮೆ ತೆಗೆದು ಕಳಿಸಿ."

ಫಾರಂನಲ್ಲಿದ್ದ ಗುಂಪನ್ನು ನಾನು ತಾಯಿ ಕಾರ್ಡ್ ನೋಡಿ ಬರೆದಿದ್ದೆ. ಕೈಕಾಲು ತಣ್ಣಗಾದವು. ನಾನು ಸೂಜಿ ಚುಚ್ಚಿದ್ದು ಇನ್ನೊಬ್ಬ ಮಂಜುಳಾಗೆ. ಓ ಗುಂಪಿನವರಿಗೆ ಬಿ ರಕ್ತ ಏರಿಸಿದರೆ ಕೊಟ್ಟ ಕೆಂಪು ಕಣಗಳು ಮೈಯೊಳಗೇ ಒಡೆಯುತ್ತವೆ. ಕಿಡ್ನಿ ಕೆಡಬಹುದು, ಜೀವವೇ ಹೋಗಬಹುದು.

ಕ್ರಾಸ್‌ಮ್ಯಾಚ್ (ಚೀಲದ ರಕ್ತ ರೋಗಿಯ ರಕ್ತಕ್ಕೆ ಹೊಂದುತ್ತದಾ ಅಂತ ನೋಡುವ ಪರೀಕ್ಷೆ) ಇದೆಯಲ್ಲ, ಅಲ್ಲಿ ತಪ್ಪು ಸಿಕ್ಕಿಬೀಳುತ್ತದೆ ಅಂತ ನಾನೂ ಅಂದುಕೊಂಡಿದ್ದೆ. ಸಿಕ್ಕುವುದಿಲ್ಲ. ಕ್ರಾಸ್‌ಮ್ಯಾಚ್ ಮಾಡುವುದು ನಾವು ಕಳಿಸಿದ ಟ್ಯೂಬಿನ ಜೊತೆಗೇ ತಾನೇ? ಟ್ಯೂಬೇ ಬೇರೆಯವರದ್ದಾದರೆ ಬಿ ಚೀಲ ಚೆನ್ನಾಗಿಯೇ ಹೊಂದುತ್ತದೆ. ಅವತ್ತು ಉಳಿಸಿದ್ದು ತಾಯಿ ಕಾರ್ಡಿನ ಒಂದು ಅಕ್ಷರ, ಅದನ್ನು ಗಮನಿಸಿದ ಟೆಕ್ನಿಷಿಯನ್.

ಮನೆಯವರು ನಮ್ಮನ್ನು ಕೇಳುವುದು "ಏಡ್ಸ್ ಬರಲ್ಲ ತಾನೇ?" ಅಂತ. ಕೇಳಲೇಬೇಕಾದ ಮಾತು. ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ, ಈ ಐದಕ್ಕೂ ನಮ್ಮ ದೇಶದಲ್ಲಿ ಪ್ರತಿ ಚೀಲದ ಪರೀಕ್ಷೆ ಕಡ್ಡಾಯ. ಸುಪ್ರೀಂ ಕೋರ್ಟಿನ 1996ರ ತೀರ್ಪಿನಿಂದಾಗಿ, ದುಡ್ಡು ಕೊಟ್ಟು ದಾನಿಗಳಿಂದ ರಕ್ತ ಪಡೆಯುವುದಕ್ಕೆ 1998ರ ಜನವರಿಯಿಂದ ನಿಷೇಧವಿದೆ. ಆದರೆ "ಈ ಚೀಲ ನಮ್ಮವಳಿಗೇ ಬಂದದ್ದಾ?" ಅಂತ ನನ್ನನ್ನು ಯಾರೂ ಕೇಳಿಲ್ಲ. ಕೇಳಬೇಕು ಅಂತ ನನ್ನ ಆಸೆ.

ಅವತ್ತಿನಿಂದ ನಾನು ಹೆಸರು ಹೇಳಿ ಕೇಳುವುದಿಲ್ಲ. "ನಿಮ್ಮ ಹೆಸರೇನಮ್ಮ? ಗಂಡನ ಹೆಸರು? ಯಾವ ಊರು?" ಅಂತ ಕೇಳುತ್ತೇನೆ. ನೋವಿನಲ್ಲಿ ಇರುವವರು, ನಿದ್ದೆಗಣ್ಣಿನವರು ಏನು ಕೇಳಿದರೂ ಹೂಂ ಅನ್ನುತ್ತಾರೆ. ಕೆಲವರು ಗಂಡನ ಹೆಸರು ಹೇಳಲು ನಾಚುತ್ತಾರೆ, ಆಗ ಅತ್ತೆಯನ್ನೋ ಅಮ್ಮನನ್ನೋ ಕೇಳುತ್ತೇನೆ. ಆಸ್ಪತ್ರೆಗೆ ಸೇರಿದಾಗ ಕೊಡುವ ಐಪಿ ನಂಬರನ್ನು ಕೇಸ್ ಶೀಟಿಗೆ ಹೋಲಿಸುತ್ತೇನೆ. ಲೇಬಲ್ ಬರೆಯುವುದು ರಕ್ತ ತೆಗೆದ ಮೇಲೆ, ಮಂಚದ ಪಕ್ಕದಲ್ಲೇ ನಿಂತು. ಇದಕ್ಕೆ ಎರಡು ನಿಮಿಷವೂ ಜಾಸ್ತಿ ಹಿಡಿಯುವುದಿಲ್ಲ.

ಚೀಲ ಬಂದ ಮೇಲೆ ಮತ್ತೆ ಅದೇ ಪ್ರಶ್ನೆಗಳು. ಈ ಸಲ ಇಬ್ಬರು ಸೇರಿ ಓದುತ್ತೇವೆ. ಚೀಲ ತಣ್ಣಗಿದೆ, ಬಿಸಿ ನೀರಲ್ಲಿ ಇಡಿ ಅಂತ ಮನೆಯವರು ಹೇಳುತ್ತಾರೆ. ಇಡಬಾರದು, ರಕ್ತ ಕೆಡುತ್ತದೆ. ಚೀಲ ಕೈಗೆ ಬಂದ 30 ನಿಮಿಷದೊಳಗೆ ಶುರು ಮಾಡಿ, 4 ಗಂಟೆಯೊಳಗೆ ಮುಗಿಸುತ್ತೇವೆ. ಮೊದಲ 15 ನಿಮಿಷ ನಿಧಾನಕ್ಕೆ ಬಿಟ್ಟು ನಾನು ಪಕ್ಕದಲ್ಲೇ ಇರುತ್ತೇನೆ. ಚಳಿ, ಸೊಂಟ ನೋವು, ಉಸಿರುಗಟ್ಟುವುದು, ಸುಮ್ನೆ "ಏನೋ ಆಗ್ತಿದೆ ಸಿಸ್ಟರ್" ಅಂದರೂ ಸರಿ, ಮೊದಲು ರಕ್ತ ನಿಲ್ಲಿಸಿ ಆಮೇಲೆ ಡಾಕ್ಟರನ್ನು ಕರೆಯುತ್ತೇನೆ.

ಕಷ್ಟ ಇರುವುದು ರಾತ್ರಿ ಪಾಳಿಯಲ್ಲಿ. ವಾರ್ಡಿಗೆ ನಾನೊಬ್ಬಳೇ. ಚೀಲ ಓದಲು ಪಕ್ಕದ ವಾರ್ಡಿನ ಸಿಸ್ಟರನ್ನು ಕರೆಯುತ್ತೇನೆ. ಅಷ್ಟು ಹೊತ್ತು ಅವರ ವಾರ್ಡು ಖಾಲಿ. ಇನ್ನೊಬ್ಬರನ್ನು ಕೊಡಿ ಅಂತ ಮೂರು ಸಲ ಬರೆದು ಕೊಟ್ಟಿದ್ದೇವೆ.