ಶಿಕ್ಷಣದ ದುಡ್ಡು ಬಡವರಿಗೆ ತಲುಪುತ್ತಿದೆಯಾ? ಲೆಕ್ಕ ಹಾಕೋದು ಹೀಗೆ

ಬಜೆಟ್‌ನಲ್ಲಿ ಶಿಕ್ಷಣಕ್ಕೆ ಎಷ್ಟು ಕೊಟ್ಟರು ಅಂತಷ್ಟೇ ನೋಡಿ ಸುಮ್ಮನಾಗಬೇಡಿ. ಜಿಡಿಪಿಯ (ದೇಶದ ಒಂದು ವರ್ಷದ ಒಟ್ಟು ಉತ್ಪನ್ನದ) ಶೇ. 4ರಿಂದ 6ರಷ್ಟಾದರೂ ಇರಲಿ ಅನ್ನೋದು 2015ರಲ್ಲಿ ಯುನೆಸ್ಕೋದಲ್ಲಿ ದೇಶಗಳು ಒಪ್ಪಿಕೊಂಡ ಗುರಿ. ಆದರೆ ಆ ದುಡ್ಡು ಯಾರ ಪಾಲಾಯಿತು ಅನ್ನೋದೇ ನಿಜವಾದ ಪ್ರಶ್ನೆ.

ಮೊದಲು ಶಾಲೆ, ಕಾಲೇಜು ಅಂತ ಖರ್ಚನ್ನು ಬಿಡಿಸಿ. ಪ್ರತಿ ಹಂತದ ಖರ್ಚನ್ನು ಅಲ್ಲಿನ ಮಕ್ಕಳ ಸಂಖ್ಯೆಯಿಂದ ಭಾಗಿಸಿದರೆ ತಲಾ ಖರ್ಚು ಸಿಗುತ್ತದೆ. ಆಮೇಲೆ ಮನೆಮನೆ ಸಮೀಕ್ಷೆಯ ಅಂಕಿಅಂಶ ತೆಗೆದುಕೊಂಡು, ಜನರನ್ನು ಆದಾಯದ ಪ್ರಕಾರ ಐದು ಸಮ ಗುಂಪು ಮಾಡಿ, ಯಾವ ಗುಂಪಿನ ಎಷ್ಟು ಮಕ್ಕಳು ಸರ್ಕಾರಿ ಶಾಲೆ, ಕಾಲೇಜುಗಳಲ್ಲಿ ಇದ್ದಾರೆ ಅಂತ ನೋಡಿ, ಆ ಸಂಖ್ಯೆಯನ್ನು ಆಯಾ ಹಂತದ ತಲಾ ಖರ್ಚಿನಿಂದ ಗುಣಿಸಿ.

ಉದಾಹರಣೆಗೆ ತಲಾ ಖರ್ಚು ಶಾಲೆಯಲ್ಲಿ 10, ಕಾಲೇಜಿನಲ್ಲಿ 40 ಅಂದುಕೊಳ್ಳಿ. ಬಡ ಗುಂಪಿನ 30 ಮಕ್ಕಳು ಶಾಲೆಯಲ್ಲಿ, ಒಬ್ಬರು ಕಾಲೇಜಿನಲ್ಲಿ: ಒಟ್ಟು 340. ಶ್ರೀಮಂತ ಗುಂಪಿನ 10 ಮಕ್ಕಳು ಶಾಲೆಯಲ್ಲಿ, 10 ಮಂದಿ ಕಾಲೇಜಿನಲ್ಲಿ: ಒಟ್ಟು 500. ಮಕ್ಕಳು ಕಡಿಮೆ, ದುಡ್ಡು ಜಾಸ್ತಿ. ಅನ್ಯಾಯ ಅಲ್ವಾ? ಇಂಥ ಕಡೆ ಕಾಲೇಜಿನ ಅನುದಾನ ಹೆಚ್ಚಿಸೋ ಮುಂಚೆ ಬಡ ಮಕ್ಕಳು ಶಾಲೆ ಬಿಡದಂತೆ ನೋಡಿಕೊಳ್ಳಬೇಕು, ವಿದ್ಯಾರ್ಥಿವೇತನ ಅವರಿಗೇ ಮೊದಲು ಸಿಗಬೇಕು.

ಒಂದು ಎಚ್ಚರಿಕೆ. ಈ ಲೆಕ್ಕ ಖರ್ಚನ್ನು ಹೇಳುತ್ತದೆ, ಕಲಿಕೆಯನ್ನಲ್ಲ. ಹಾಗಾಗಿ ಮೇಷ್ಟ್ರು ತರಗತಿಗೆ ಬರುತ್ತಾರಾ, ಮಕ್ಕಳಿಗೆ ಓದೋಕೆ ಬರುತ್ತಾ ಅಂತಲೂ ನೋಡಿ. ಇನ್ನು ದುಡ್ಡು ಬಡ ಮಕ್ಕಳಿಗೆ ತಲುಪಿದರೂ ಬಡವರು, ಶ್ರೀಮಂತರ ನಡುವಿನ ಆದಾಯದ ಅಂತರ ಮರುವರ್ಷವೇ ಇಳಿಯಲ್ಲ. ಇವತ್ತು ಒಂದನೇ ತರಗತಿ ಸೇರಿದ ಮಗು ದುಡಿಯೋಕೆ ಶುರು ಮಾಡೋಕೆ ಹತ್ತು ಹದಿನೈದು ವರ್ಷ ಬೇಕು.